ಮುಂದಿನ ಮಜ್ಜಿಗೆಯವರೆಗೆ

ಮಾರ್ಚ್ 19, ಬುಧವಾರ. ರಾಯಚೂರು – ಗಿಲ್ಲೇಸುಗೂರು

ನಸುಕಿನ ಮೂರೂವರೆಗೆ ಅತ್ತೆ ಬಂದು ಬಾಗಿಲು ಬಡಿದಾಗ ನಾನು ಬೂಟಿನ ದಾರ ಕಟ್ಟುತ್ತ ಕುಳಿತಿದ್ದೆ. ಹೊಸ ಬೂಟು, ನಾಲ್ಕೂವರೆ ಸಾವಿರ ರೂಪಾಯಿಯದು. ಅತ್ತೆ ಅದನ್ನೊಮ್ಮೆ ನೋಡಿದಳು, ತನ್ನ ಹವಾಯಿ ಚಪ್ಪಲಿಯನ್ನೊಮ್ಮೆ ನೋಡಿಕೊಂಡಳು. ಏನೂ ಅನ್ನಲಿಲ್ಲ.

ಅತ್ತೆ ನನ್ನ ತಂದೆಯ ತಂಗಿ. ವಯಸ್ಸು ಅರವತ್ತೆಂಟು. ಯುಗಾದಿಗೆ ಶ್ರೀಶೈಲದ ಮಲ್ಲಯ್ಯನಿಗೆ, ಅಂದರೆ ಮಲ್ಲಿಕಾರ್ಜುನನಿಗೆ, ನಡೆದು ಹೋಗುವುದು ಅವಳಿಗೆ ಇದು ಹನ್ನೆರಡನೆಯ ಸಲ. ಪ್ರತಿವರ್ಷ ಜೊತೆಗಿರುತ್ತಿದ್ದ ಅವಳ ಓರಗಿತ್ತಿಗೆ ಈ ಸಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. "ನೀನೇ ಬಾ ತಮ್ಮಾ, ಚೀಲ ಹಿಡಿಯುವುದಕ್ಕಾದರೂ ಒಬ್ಬರು ಬೇಕಲ್ಲ" ಎಂದಳು. ನನಗೆ ನಲವತ್ತೇಳು, ಇಪ್ಪತ್ತೆರಡು ವರ್ಷದಿಂದ ಕಚೇರಿಯ ಕುರ್ಚಿ ಸವೆಸುತ್ತಿದ್ದೇನೆ. ಕೊಲೆಸ್ಟರಾಲ್ ಏರಿದೆ, ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯಿರಿ ಎಂದು ವೈದ್ಯರು ಹೇಳಿ ಎರಡು ವರ್ಷವಾಗಿತ್ತು. ಬಾಕಿಯನ್ನೆಲ್ಲ ಒಂದೇ ಕಂತಿನಲ್ಲಿ ತೀರಿಸಿಬಿಡೋಣ ಎಂದುಕೊಂಡು ಹೂಂಗುಟ್ಟಿದೆ. ದೇವರ ವಿಷಯದಲ್ಲಿ ನಾನು ಅರೆಮನಸ್ಸಿನವನು. ಹಬ್ಬಕ್ಕೆ ಕೈ ಮುಗಿಯುತ್ತೇನೆ, ಉಳಿದ ದಿನ ಮರೆತಿರುತ್ತೇನೆ.

ಈ ವರ್ಷ, ಅಂದರೆ 2025ರಲ್ಲಿ, ಯುಗಾದಿ ಮಾರ್ಚ್ 30ಕ್ಕೆ ಬಿದ್ದಿತ್ತು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಹದಿನೈದು ಇಪ್ಪತ್ತು ದಿನ ಮೊದಲೇ ಹೊರಟಿರುತ್ತಾರೆ. ನಾವು ರಾಯಚೂರಿನವರು ಅವರ ಮುಂದೆ ಸೋಮಾರಿಗಳು. ಮಂತ್ರಾಲಯ, ಎಮ್ಮಿಗನೂರು, ಕರ್ನೂಲು, ಆತ್ಮಕೂರು ದಾರಿಯಲ್ಲಿ ಕಾಡುಹಾದಿಯೂ ಸೇರಿ ನಮಗೆ ಇನ್ನೂರೈವತ್ತು ಕಿಲೋಮೀಟರ್ ಆಸುಪಾಸು ಅಷ್ಟೇ.

ಬಸ್ ನಿಲ್ದಾಣದ ಬಳಿ ತಂಡ ಸೇರಿತು. ಇಪ್ಪತ್ತೆರಡು ಜನ, ಒಂದು ಕಂಬಿ, ಅಂದರೆ ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಕಾವಡಿ. ಕಂಬಿಗೆ ಪೂಜೆ ಆಗುವವರೆಗೆ ನಾನು ಪಕ್ಕದ ಕೋಟೆಗೋಡೆಯ ಕಡೆ ನೋಡುತ್ತ ನಿಂತೆ. ಆ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ, ಕೋಟೆ ಕಟ್ಟಿಸಿದ್ದನ್ನು ಹೇಳುವ 1294ರ ಶಾಸನ ಅದರ ಮೇಲಿದೆ. ನಮ್ಮ ಊರಿನವರು ಅದರ ಕೆಳಗೇ ಆಟೋ ನಿಲ್ಲಿಸುತ್ತಾರೆ, ಕಣ್ಣೆತ್ತಿ ನೋಡುವವರು ಕಡಿಮೆ. ಶಾಸನಕ್ಕಿಂತ ನನಗೆ ಇಷ್ಟವಾಗುವುದು ಅಲ್ಲಿರುವ ಗೀರುಚಿತ್ರ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಕಟ್ಟಿ ಎಳೆದು ತಂದದ್ದನ್ನು ಯಾರೋ ಅಲ್ಲೇ ಕೊರೆದಿಟ್ಟಿದ್ದಾನೆ. ಕೋಟೆ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಕೋಣಗಳದು ಚಿತ್ರದಲ್ಲಿದೆ. ನ್ಯಾಯವಾಗಿಯೇ ಇದೆ ಅನ್ನಿಸಿತು.

"ಉಘೇ ಉಘೇ" ಎನ್ನುತ್ತ ಹೊರಟೆವು. ಮೊದಲ ಎರಡು ತಾಸು ನಾನು ಎಲ್ಲರಿಗಿಂತ ಮುಂದಿದ್ದೆ. ಮೊಬೈಲ್ ನಕಾಶೆ ತೆಗೆದು "ಅತ್ತೆ, ಒಂಬತ್ತು ಕಿಲೋಮೀಟರ್ ಮುಗಿಯಿತು, ಇನ್ನು ಇನ್ನೂರ ನಲವತ್ತೊಂದು" ಎಂದೆ.

"ಮುಂದಿನ ಮಜ್ಜಿಗೆ ಎಲ್ಲಿದೆ ಅಂತ ಅದರಲ್ಲಿ ತೋರಿಸುತ್ತದೆಯೇ?"

ಇಲ್ಲ ಎಂದೆ. "ಹಾಗಾದರೆ ಒಳಗಿಡು" ಎಂದಳು.

ಗಿಲ್ಲೇಸುಗೂರು ಮುಟ್ಟುವಾಗ ಹಗಲು ಹನ್ನೊಂದು. ಬಿಸಿಲು ನೆಲದಿಂದಲೇ ಏಳುತ್ತಿತ್ತು. ನಾನು ಎಲ್ಲರಿಗಿಂತ ಹಿಂದಿದ್ದೆ.

ಮಾರ್ಚ್ 20. ತುಂಗಭದ್ರೆಯ ಆಚೆಗೆ

ಪಾದಯಾತ್ರೆಯ ಗಡಿಯಾರವೇ ಬೇರೆ. ನಸುಕಿನ ಮೂರಕ್ಕೆ ಎದ್ದು ಹತ್ತು ಗಂಟೆಯವರೆಗೆ ನಡೆಯುವುದು, ಬಿಸಿಲಿಳಿಯುವವರೆಗೆ ಗುಡಿಯಲ್ಲೋ ಶಾಲೆಯ ಜಗುಲಿಯಲ್ಲೋ ಬಿದ್ದುಕೊಳ್ಳುವುದು, ಐದಕ್ಕೆ ಮತ್ತೆ ಎದ್ದು ರಾತ್ರಿ ಒಂಬತ್ತರವರೆಗೆ ನಡೆಯುವುದು. ನಡು ಹಗಲಿನಲ್ಲಿ ನಡೆಯುವವರು ಹೊಸಬರು, ಇಲ್ಲವೇ ಹರಕೆ ಹೊತ್ತವರು.

ಮಾಧವರಂ ಸೇತುವೆ ದಾಟಿದರೆ ಆಂಧ್ರ. ಕೆಳಗೆ ತುಂಗಭದ್ರೆ ಇದ್ದಳು ಎಂದು ಹೇಳಬಹುದು, ಅಷ್ಟೇ. ಬಂಡೆ, ಮರಳು, ನಡುವೆ ಅಲ್ಲೊಂದು ಇಲ್ಲೊಂದು ಮಡುವು. ಅತ್ತೆ ಸೇತುವೆಯ ಮೇಲಿನಿಂದ ಐದು ರೂಪಾಯಿ ನಾಣ್ಯ ಎಸೆದಳು. ಅದು ಬಂಡೆಗೆ ಬಡಿದ ಸದ್ದು ಮೇಲಿನವರೆಗೂ ಕೇಳಿಸಿತು.

ಸೇತುವೆ ಇಳಿದ ಕೂಡಲೇ ಮೊದಲ ದಾಸೋಹ. ನಾಲ್ಕು ಬೊಂಬು, ಮೇಲೊಂದು ಶಾಮಿಯಾನ, ಎರಡು ನೀಲಿ ಡ್ರಮ್ಮಿನಲ್ಲಿ ಮಜ್ಜಿಗೆ. ಬಡಿಸುತ್ತಿದ್ದ ಹುಡುಗರು ತೆಲುಗಿನವರು. ನಮಗೆ ಅವರ ಮಾತು ಅರ್ಧ, ಅವರಿಗೆ ನಮ್ಮದು ಅರ್ಧ. "ಸ್ವಾಮಿ, ಇನ್ನೊಂದು ಗ್ಲಾಸ್" ಎನ್ನುವುದಕ್ಕೆ ಅಷ್ಟು ಸಾಕು. ಕುಡಿದು ಕಿಸೆಗೆ ಕೈ ಹಾಕಿದೆ, ಅವನು ಎರಡು ಹೆಜ್ಜೆ ಹಿಂದೆ ಸರಿದ. ತಪ್ಪು ಮಾಡಿದೆನೆಂದು ತಿಳಿಯಿತು.

ಮಂತ್ರಾಲಯದಲ್ಲಿ ರಾಯರ ಬೃಂದಾವನಕ್ಕೆ ಕೈ ಮುಗಿದು ಮುಂದೆ ಸಾಗಿದೆವು. ಅತ್ತೆಗೆ ಅವಸರ. "ರಾಯರು ಮನೆಯ ಹತ್ತಿರದವರು, ಯಾವಾಗ ಬೇಕಾದರೂ ಬಸ್ಸಿಗೆ ಬರಬಹುದು."

ಮಾರ್ಚ್ 21. ಎಮ್ಮಿಗನೂರು

ಎಡಗಾಲಿನ ಹಿಮ್ಮಡಿಯಲ್ಲಿ ಗುಳ್ಳೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಇನ್ನೊಂದು. ಬೂಟು ಬಿಚ್ಚಿದಾಗ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು.

ಅತ್ತೆ ತನ್ನ ಗಂಟಿನಿಂದ ಸೂಜಿ ತೆಗೆದಳು, ಬಿಳಿ ನೂಲು ಪೋಣಿಸಿದಳು, ಸೂಜಿಯ ಮೊನೆಯನ್ನು ಕಡ್ಡಿ ಗೀರಿ ಸುಟ್ಟಳು. ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಗುಳ್ಳೆಯ ಈ ಬದಿಯಿಂದ ಚುಚ್ಚಿ ಆ ಬದಿಗೆ ಹೊರತೆಗೆದಳು. ಗಟ್ಟಿಯಾದ ಮೇಲುಚರ್ಮವಾದ್ದರಿಂದ ನೋವಿರಲಿಲ್ಲ. ನೂಲನ್ನು ಒಳಗೇ ಬಿಟ್ಟು, ಎರಡೂ ಬದಿಗೆ ಒಂದೊಂದು ಇಂಚು ಉಳಿಸಿ ಹಲ್ಲಿನಿಂದ ಕತ್ತರಿಸಿದಳು. ನೂಲು ತೊಯ್ದು ನೀರು ಸಣ್ಣಗೆ ಇಳಿಯತೊಡಗಿತು. "ಗುಳ್ಳೆ ಒಡೆಯಬಾರದು, ಬತ್ತಿಸಬೇಕು. ಚರ್ಮ ಅಲ್ಲೇ ಕುಳಿತರೆ ನಾಳೆ ನಡೆಯಬಹುದು" ಎಂದು ಅರಿಶಿನ ಒತ್ತಿದಳು. ವೈದ್ಯರು ಓದಿದರೆ ಬೈಯುತ್ತಾರೆ, ಗೊತ್ತು. ಆದರೆ ಆ ದಾರಿಯಲ್ಲಿ ನೂರಾರು ಜನ ಹಿಮ್ಮಡಿಯಿಂದ ಬಿಳಿ ದಾರ ಇಳಿಬಿಟ್ಟುಕೊಂಡೇ ನಡೆಯುತ್ತಿದ್ದರು.

ಬೂಟನ್ನು ಚೀಲಕ್ಕೆ ಸೇರಿಸಿ ಸಂತೆಬೀದಿಯಲ್ಲಿ ನೂರ ಇಪ್ಪತ್ತು ರೂಪಾಯಿಯ ಚಪ್ಪಲಿ ಕೊಂಡೆ. ಮೊದಲ ದಿನ ಅತ್ತೆ ಅನ್ನದೆ ಉಳಿಸಿಕೊಂಡಿದ್ದ ಮಾತು ಈಗಲೂ ಬರಲಿಲ್ಲ. ನಾಲ್ಕೂವರೆ ಸಾವಿರದ ಭಾರವನ್ನು ಮಾತ್ರ ಶ್ರೀಶೈಲದವರೆಗೆ ಹೊರಬೇಕಾಯಿತು.

ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿ ಬೆಳೆಸಿದ ಊರು. ನಾವು ತಂಗಿದ್ದ ಓಣಿಯ ಒಂದು ಮನೆಯಲ್ಲಿ ಮಗ್ಗದ ಸದ್ದಿತ್ತು. ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿದೆ. ಲಾಳಿ ಅತ್ತಿಂದಿತ್ತ ಓಡಿದ ಲೆಕ್ಕ ತಪ್ಪಿಹೋಯಿತು, ಬಟ್ಟೆ ಬೆಳೆದದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ನೇಯುತ್ತಿದ್ದ ಅಜ್ಜ ತಲೆಯೆತ್ತಿ ಕನ್ನಡದಲ್ಲೇ "ಮಲ್ಲಯ್ಯನಿಗೆ ಹೊರಟಿರೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮತ್ತೆ ಮಗ್ಗಕ್ಕೆ ತಲೆ ತಗ್ಗಿಸಿದ.

ಮಾರ್ಚ್ 22, 23. ಕೋಡುಮೂರು, ಕರ್ನೂಲು

ಎರಡು ದಿನಕ್ಕೆ ಸೇರಿ ಅರವತ್ತೈದು ಕಿಲೋಮೀಟರ್ ಇರಬೇಕು. ಗೋನೆಗಂಡ್ಲ ದಾಟಿ ಕೋಡುಮೂರು, ಅಲ್ಲಿಂದ ಕರ್ನೂಲು. ನೆರಳಿಲ್ಲದ ರಸ್ತೆ. ಹೇಳುವುದಕ್ಕೆ ಹೆಚ್ಚೇನಿಲ್ಲ, ಮರಗಾಲಿನವನೊಬ್ಬನನ್ನು ಬಿಟ್ಟರೆ.

ಎದೆಮಟ್ಟದ ಎರಡು ಕೋಲು. ನೆಲದಿಂದ ಎರಡು ಅಡಿ ಮೇಲೆ ಪಾದ ಊರಲು ಒಂದೊಂದು ಗೂಟ, ಗೂಟಕ್ಕೆ ಹಳೆಯ ಸೀರೆಯ ಚೂರು ಸುತ್ತಿ ಮೆತ್ತಗೆ ಮಾಡಿಕೊಂಡಿದ್ದ. ಕೋಲಿನ ತುದಿಗೆ ಟೈರಿನ ರಬ್ಬರು ಹೊಡೆದಿತ್ತು. ಜಮಖಂಡಿ ಕಡೆಯವನಂತೆ, ಇಪ್ಪತ್ತೈದರ ಹುಡುಗ. ಪಕ್ಕದಲ್ಲಿ ಅವನ ಕಾಕಾ ನೀರಿನ ಬಾಟಲಿ ಹಿಡಿದು ನಡೆಯುತ್ತಿದ್ದರು. ನಾನು ಮಾತನಾಡಿಸಿದೆ, ಅವನು ನಿಂತ. ನಿಂತ ಎಂದರೆ ತಪ್ಪು. ಒಂದೇ ಜಾಗದಲ್ಲಿ ಎಡ, ಬಲ, ಎಡ, ಬಲ ಎಂದು ಕೋಲು ಕುಟ್ಟುತ್ತಲೇ ಇದ್ದ.

"ನಿಲ್ಲುವುದಿಲ್ಲವೇ?"

"ನಿಂತರೆ ಬೀಳುತ್ತೇನೆ ಅಣ್ಣಾ."

ಸರಳವಾದ ಸಂಗತಿ, ನನಗೆ ಹೊಳೆದೇ ಇರಲಿಲ್ಲ. ಎರಡು ಕಡ್ಡಿಯ ಮೊನೆಯ ಮೇಲೆ ಮನುಷ್ಯ ಸುಮ್ಮನೆ ನಿಲ್ಲಲಾರ, ಹೆಜ್ಜೆ ಹಾಕುತ್ತಿದ್ದರಷ್ಟೇ ತೂಕ ತಪ್ಪುವುದಿಲ್ಲ. ಕುಳಿತುಕೊಳ್ಳಬೇಕೆಂದರೂ ಎತ್ತರದ ಕಟ್ಟೆ ಬೇಕು, ಇಲ್ಲವೇ ಟ್ರ್ಯಾಕ್ಟರಿನ ಟ್ರೇಲರು. ಹಾಗಾಗಿ ಅವನ ಲೆಕ್ಕವೆಲ್ಲ ಕಟ್ಟೆಯಿಂದ ಕಟ್ಟೆಗೆ. "ಮುಂದೆ ಎತ್ತರದ ಕಟ್ಟೆ ಎಲ್ಲಿದೆ ನೋಡಿ ಹೇಳಿ ಕಾಕಾ" ಎಂದು ಪದೇ ಪದೇ ಕೇಳುತ್ತಿದ್ದ. ಕಟ್ಟೆ ಇಲ್ಲದಿದ್ದರೂ ಕಾಕಾ ಇದೆ ಎನ್ನುತ್ತಿದ್ದರು ಎಂದು ನನ್ನ ಅನುಮಾನ.

ಕರ್ನೂಲಿನಲ್ಲಿ ಕೊಂಡಾರೆಡ್ಡಿ ಬುರುಜಿನ ಹತ್ತಿರ ಒಂದು ತಂಪು ಸೋಡಾ ಕುಡಿದದ್ದು ನೆನಪಿದೆ. ಊರೊಳಗಿನ ಕೆ.ಸಿ. (ಕರ್ನೂಲು–ಕಡಪ) ಕಾಲುವೆಯ ಬದಿಯಲ್ಲಿ ಕಾಲು ಚಾಚಿ ಕುಳಿತದ್ದೂ ನೆನಪಿದೆ. ಉಳಿದದ್ದು ನೋವು.

ಮಾರ್ಚ್ 24. ಬೇವಿನ ಮರ

ಈ ದಿನವನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯದಿದ್ದರೆ ಅತ್ತೆ ಹೇಗೂ ಎಲ್ಲರಿಗೂ ಹೇಳುತ್ತಾಳೆ.

ಕರ್ನೂಲಿನಿಂದ ನಂದಿಕೊಟ್ಕೂರಿಗೆ ಸುಮಾರು ಮೂವತ್ತು ಕಿಲೋಮೀಟರ್. ಅರ್ಧ ದಾರಿಯಲ್ಲಿ ರಸ್ತೆಯ ಎಡಕ್ಕೆ ಒಂದು ಬೇವಿನ ಮರ, ಬುಡಕ್ಕೆ ಸುಣ್ಣ ಬಳಿದ ಕಟ್ಟೆ. ಬೆಳಿಗ್ಗೆ ಎಂಟೂವರೆ ಇರಬಹುದು. ಅಲ್ಲಿ ಕುಳಿತವನು ಏಳಲಿಲ್ಲ. ಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ತಂಡ ಮುಂದೆ ಹೋಯಿತು. ಕಂಬಿ ಹೊತ್ತವರು ದಾರಿಯಲ್ಲಿ ಅದನ್ನು ನೆಲಕ್ಕಿಡುತ್ತಿರಲಿಲ್ಲ, ಹಾಗಾಗಿ ಯಾರಿಗೋಸ್ಕರವೂ ನಿಲ್ಲುವಂತಿರಲಿಲ್ಲ. ಅತ್ತೆ ಮಾತ್ರ ಉಳಿದಳು.

"ಅತ್ತೆ, ನನ್ನಿಂದ ಆಗುವುದಿಲ್ಲ. ಇಲ್ಲಿಂದಲೇ ಬಸ್ಸು ಹಿಡಿದು ರಾಯಚೂರಿಗೆ ಹೋಗುತ್ತೇನೆ. ನೀನು ತಂಡದ ಜೊತೆ ಹೋಗು. ಇದರಲ್ಲಿ ನಾಚಿಕೆಯೇನೂ ಇಲ್ಲ."

ಅವಳು ಬೈಯುತ್ತಾಳೆ, ಇಲ್ಲವೇ ಮಲ್ಲಯ್ಯನ ಮಹಿಮೆ ಹೇಳುತ್ತಾಳೆ ಎಂದು ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಚಿಕೆ ಯಾಕೆ, ಹೋಗು. ಆದರೆ ಇಲ್ಲಿ ಬಸ್ಸು ನಿಲ್ಲಿಸುವುದಿಲ್ಲ ತಮ್ಮಾ. ಹನ್ನೆರಡು ವರ್ಷದಿಂದ ನೋಡಿದ್ದೇನೆ. ಮುಂದಿನ ಊರಿನಲ್ಲಿ ನಿಲ್ದಾಣವಿದೆ, ಅಲ್ಲಿಯವರೆಗಂತೂ ನಡೆಯಬೇಕು. ಎರಡು ಕಿಲೋಮೀಟರ್ ಅಷ್ಟೇ."

ಬಸ್ಸು ಹಿಡಿಯುವುದಕ್ಕೆಂದು ಎದ್ದೆ. ಬೇರೆ ಯಾವ ಕಾರಣಕ್ಕೂ ನಾನು ಆ ಹೊತ್ತು ಏಳುತ್ತಿರಲಿಲ್ಲ. ಎರಡು ಕಿಲೋಮೀಟರಿಗೆ ಮುಕ್ಕಾಲು ತಾಸು ಹಿಡಿಯಿತು. ಊರು ಬಂತು, ನಿಲ್ದಾಣವೂ ಇತ್ತು. ಅದರ ಎದುರಿಗೇ ಒಂದು ದಾಸೋಹದ ಶಾಮಿಯಾನ. ಬಿಸಿ ಉಪ್ಪಿಟ್ಟು, ಮಜ್ಜಿಗೆ. ಒಬ್ಬ ಮುದುಕ ನನ್ನ ಕಾಲನ್ನು ನೋಡಿ, ಕೇಳದೆಯೇ ಬಿಸಿನೀರಿನ ಬುಟ್ಟಿ ತಂದಿಟ್ಟ. ಮುಕ್ಕಾಲು ತಾಸು ಕಾಲು ನೆನೆಸಿ, ಎಣ್ಣೆ ತಿಕ್ಕಿಸಿಕೊಂಡು ಕುಳಿತೆ. ಅಷ್ಟರಲ್ಲಿ ಕರ್ನೂಲಿನ ಕಡೆಗೆ ಎರಡು ಬಸ್ಸು ಹೋದವು. ಎರಡನ್ನೂ ನೋಡಿದೆ. ಎಣ್ಣೆ ಹಚ್ಚುತ್ತಿರುವವನ ಕೈಯಿಂದ ಕಾಲು ಎಳೆದುಕೊಂಡು ಬಸ್ಸಿಗೆ ಓಡುವುದು ಹೇಗೆ?

"ಮುಂದಿನ ಮಜ್ಜಿಗೆ ಎಲ್ಲಿದೆ ಅತ್ತೆ?" ಎಂದು ಕೇಳಿದೆ. ಹತ್ತಿರವೇ ಇದೆ ಎಂದಳು. ನಂದಿಕೊಟ್ಕೂರು ಮುಟ್ಟಿದಾಗ ರಾತ್ರಿ ಹತ್ತು.

ಮಾರ್ಚ್ 25, 26. ಆತ್ಮಕೂರು

ಏಳನೆಯ ದಿನಕ್ಕೆ ಕಾಲು ತನ್ನಷ್ಟಕ್ಕೆ ತಾನೇ ನಡೆಯಲು ಕಲಿತಿತ್ತು. ನೋವು ಹೋಗಿರಲಿಲ್ಲ, ಹಳೆಯದಾಗಿತ್ತು.

ಆತ್ಮಕೂರಿನಲ್ಲಿ ಬಾಗಲಕೋಟೆ ಜಿಲ್ಲೆಯ ಹಳ್ಳಿಯವರ ದಾಸೋಹ. ಲಾರಿಯಿಂದ ಕಟಕ ರೊಟ್ಟಿಯ ಗಂಟುಗಳನ್ನು ಇಳಿಸುತ್ತಿದ್ದರು. ಒಂದೊಂದು ಗಂಟೂ ಹಾಸಿಗೆಯ ಸುರುಳಿಯಷ್ಟು. ನಾನು ಕಚೇರಿಯ ಮನುಷ್ಯ, ಲೆಕ್ಕ ಕೇಳದೆ ಇರಲಾರೆ. ರೊಟ್ಟಿ ಎಲ್ಲಿಂದ, ದುಡ್ಡು ಯಾರದು? ಉಸ್ತುವಾರಿ ನೋಡುತ್ತಿದ್ದವರು ಈರುಳ್ಳಿ ಬೆಳೆಯುವ ರೈತರು. ಸಂಕ್ರಾಂತಿ ಮುಗಿದ ಮೇಲೆ ಓಣಿ ಓಣಿಗೆ ಹೇಳಿ ಬರುತ್ತಾರಂತೆ. ಕೂಡಿದ ಮನೆಯವರು ಇಪ್ಪತ್ತು ರೊಟ್ಟಿ ಕೊಡುತ್ತಾರೆ, ಇಲ್ಲದವರು ಎರಡು. ಕೆಲವರು ಶೇಂಗಾ ಚಟ್ನಿಪುಡಿ, ಕೆಲವರು ಬೆಲ್ಲ. ಎರಡು ರೊಟ್ಟಿ ಕೊಟ್ಟವರ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಪುಸ್ತಕ ನೋಡಿದೆ. ಗೆರೆ ಹಾಕಿದ ನೂರು ಪುಟದ ನೋಟ್‌ಬುಕ್, ಮೊದಲ ಪುಟದಿಂದ ಕೊನೆಯವರೆಗೂ ಹೆಸರು, ಎದುರಿಗೆ ಅಂಕಿ. 20, 10, 5, 2, 2, 15. ಕೆಳಗೆ ಒಟ್ಟು ಮೊತ್ತ ಬರೆದಿರಲಿಲ್ಲ. ಬರೆದಿಲ್ಲವೇಕೆ ಎಂದರೆ "ಕೂಡಿಸಿ ಏನು ಮಾಡುವುದು ಸರ್, ಖಾಲಿಯಾಗುವವರೆಗೆ ಹಾಕುತ್ತೇವೆ" ಎಂದರು.

ಅಂದು ರಾತ್ರಿ ಮಲಗಿದಾಗ ಇದೇ ತಲೆಯಲ್ಲಿತ್ತು. ಎಂಟು ದಿನದಿಂದ ನಾನು ಒಂದು ಲೋಟ ನೀರನ್ನೂ ಹೊತ್ತಿರಲಿಲ್ಲ, ಹಸಿದಿರಲೂ ಇಲ್ಲ. ಮುಂದಿನ ತಿರುವಿನಲ್ಲಿ ಯಾರೋ ಕೊಡ ಇಟ್ಟುಕೊಂಡು ಕುಳಿತಿರುತ್ತಾರೆ ಎಂದು ಯಾವಾಗಿನಿಂದ ನಂಬತೊಡಗಿದೆನೋ ತಿಳಿಯದು. ಮಲ್ಲಯ್ಯನ ಮೇಲಿನ ನಂಬಿಕೆಯ ಬಗ್ಗೆ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಆ ಎರಡು ರೊಟ್ಟಿಯ ಮನೆಯ ಮೇಲೆ ಮಾತ್ರ ನನಗೆ ಅನುಮಾನವಿಲ್ಲ.

ಮಾರ್ಚ್ 27. ವೆಂಕಟಾಪುರಂ – ನಾಗಲೂಟಿ

ವೆಂಕಟಾಪುರಂ ದಾಟಿದರೆ ಡಾಂಬರು ಮುಗಿಯುತ್ತದೆ, ನಲ್ಲಮಲ ಕಾಡು ಶುರುವಾಗುತ್ತದೆ. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ ಇದೇ; ದೇಶದಲ್ಲೇ ಅತಿ ದೊಡ್ಡದು. ಶಿವರಾತ್ರಿಗೂ ಯುಗಾದಿಗೂ ಯಾತ್ರಿಕರಿಗೆಂದು ಈ ದಾರಿ ಬಿಡುತ್ತಾರೆ. ಪ್ಲಾಸ್ಟಿಕ್ ಒಯ್ಯಬಾರದು ಎಂದು ಅರಣ್ಯದವರು ಚೀಲ ತಡಕಿದರು. ನನ್ನ ಚೀಲದಲ್ಲಿ ಸಿಕ್ಕಿದ್ದು ಬೂಟು. ಕಾವಲಿನವನು ನನ್ನ ಕಾಲಿನ ಚಪ್ಪಲಿ ನೋಡಿ, ಬೂಟು ನೋಡಿ, ನಕ್ಕು ಬಿಟ್ಟ.

ಕಾಡಿನಲ್ಲಿ ಎಲೆ ಉದುರಿದ ಮರಗಳು, ಕಾಲಡಿ ಚೂಪು ಕಲ್ಲು. ಮುಂದಿನವನ ಹಿಮ್ಮಡಿಯನ್ನೇ ನೋಡುತ್ತ ನಡೆಯಬೇಕು. ನಾಗಲೂಟಿಯ ವೀರಭದ್ರನ ಗುಡಿಯ ಅಂಗಳದಲ್ಲಿ ಸಾವಿರಾರು ಜನ ಸಾಲಾಗಿ ಮಲಗಿದ್ದರು. ಪಕ್ಕದಲ್ಲಿ ಮಲಗಿದ್ದ ಹುಕ್ಕೇರಿ ಕಡೆಯ ಅವ್ವ "ನಿಮ್ಮ ಅತ್ತೆ ಪುಣ್ಯವಂತೆ, ಅಳಿಯ ಜೊತೆಗೆ ಬಂದಿದ್ದಾನೆ" ಎಂದಳು. ಅತ್ತೆ ಮೆಲ್ಲಗೆ "ಬಂದಿದ್ದಾನೆ, ಬಸ್ಸಿನ ನೆಪದಲ್ಲಿ" ಎಂದಳು. ಊರಿಗೆಲ್ಲ ಹೇಳುವುದು ಅಲ್ಲಿಂದಲೇ ಶುರುವಾಯಿತು.

ಮಾರ್ಚ್ 28. ಮೆಟ್ಟಿಲುಗಳು

ಬೆಟ್ಟಕ್ಕೆ ಕಲ್ಲಿನ ಮೆಟ್ಟಿಲುಗಳಿವೆ. 14ನೆಯ ಶತಮಾನದಲ್ಲಿ ಕೊಂಡವೀಡಿನ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದವನು ಎಂದು ಹೆಸರಾದವನು. ಮೆಟ್ಟಿಲು ಎಂದರೆ ನಯವಾಗಿ ಕಡೆದ ಕಲ್ಲಲ್ಲ. ಅಲ್ಲೇ ಸಿಕ್ಕಿದ ಬಂಡೆ, ಒಂದು ಅಂಗೈಯಗಲ, ಇನ್ನೊಂದು ಮಂಚದಗಲ. ನಡುವೆ ಪಾದ ಬೀಳುವ ಜಾಗದಲ್ಲಿ ಮಾತ್ರ ಕಲ್ಲು ಬಟ್ಟಲಿನಂತೆ ಸವೆದು ನುಣುಪಾಗಿದೆ. ಕೂತು ಬೆರಳಾಡಿಸಿ ನೋಡಿದೆ, ಕನ್ನಡಿಯಂತಿತ್ತು. ಉಳಿಯಿಂದ ಅಷ್ಟು ನುಣುಪು ಬರುವುದಿಲ್ಲ. ಆರು ನೂರು ವರ್ಷ ಬರಿಗಾಲಿನವರು ತಿಕ್ಕಿದ್ದು.

ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಈ ಬೆಟ್ಟಕ್ಕೆ ನಡೆದು ಬಂದಾಗ ಈ ಮೆಟ್ಟಿಲೂ ಇರಲಿಲ್ಲ ಎಂಬುದು ಆಗ ನೆನಪಾಯಿತು. ದಾಸೋಹವಿಲ್ಲ, ತಂಡವಿಲ್ಲ, ಸೂಜಿ ನೂಲು ಹಿಡಿದ ಅತ್ತೆಯೂ ಇಲ್ಲ. ಅಕ್ಕನ ವಚನ ಶಾಲೆಯಲ್ಲಿ ಅಂಕಕ್ಕಾಗಿ ಓದಿದವನು ನಾನು. ಚೆನ್ನಮಲ್ಲಿಕಾರ್ಜುನನ ಊರು ಇಷ್ಟು ದೂರ, ಇಷ್ಟು ಕಲ್ಲು ಎಂದು ಮೇಷ್ಟ್ರು ಹೇಳಿದ್ದರೆ ಇನ್ನೊಂದೆರಡು ಅಂಕ ಹೆಚ್ಚು ತೆಗೆಯುತ್ತಿದ್ದೆನೇನೋ.

ಪೆಚ್ಚೆರುವಿನಲ್ಲಿ ರಾತ್ರಿ. ಅಲ್ಲಿಯ ಕಾಡಿನಲ್ಲಿ ಬದುಕುವ ಚೆಂಚು ಜನರೂ ಮಲ್ಲಯ್ಯನನ್ನು ತಮ್ಮ ಅಳಿಯ ಎನ್ನುತ್ತಾರೆ, ಚೆಂಚು ಮಲ್ಲಯ್ಯ ಎಂದೇ ಕರೆಯುತ್ತಾರೆ. ನಮ್ಮವರ ಲೆಕ್ಕದಲ್ಲಿ ಅವನ ಮಡದಿ ಭ್ರಮರಾಂಬೆ ಕನ್ನಡದ ಮನೆಮಗಳು, ಹಾಗಾಗಿ ಅವನು ನಮ್ಮ ಅಳಿಯ. ಎರಡು ಕಡೆಯ ಬೀಗರೂ ಒಂದೇ ಬೆಂಕಿಯ ಸುತ್ತ ಕುಳಿತು ಚಹಾ ಕುಡಿದೆವು, ಜಗಳವಾಗಲಿಲ್ಲ.

ಮಾರ್ಚ್ 29, ಅಮಾವಾಸ್ಯೆ. ಭೀಮನ ಕೊಳ್ಳ, ಕೈಲಾಸ ದ್ವಾರ

ಭೀಮನ ಕೊಳ್ಳವನ್ನು ಮೇಲಿನಿಂದ ನೋಡಿದಾಗ ನನಗೆ ನಗು ಬಂತು, ಅಳು ಬರಬೇಕಾದ ಜಾಗದಲ್ಲಿ. ಹತ್ತು ದಿನ ಏರಿ ಬಂದದ್ದನ್ನೆಲ್ಲ ಪಾತಾಳಕ್ಕೆ ಇಳಿದು, ಎದುರಿನ ಗೋಡೆಯಂಥ ಬೆಟ್ಟವನ್ನು ಮತ್ತೆ ಹತ್ತಬೇಕು. ಎದುರು ಬೆಟ್ಟದ ಮೇಲೆ ಜನ ಇರುವೆ ಸಾಲಿನಂತೆ ಕಾಣುತ್ತಿದ್ದರು. ಸಾಲು ಚಲಿಸುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಕೊಳ್ಳದ ತಳದಲ್ಲಿ ನೀರಿನ ಬಳಿ ಕುಳಿತಾಗ ಕಂಬಿಯ ಅಜ್ಜ ಸಿದ್ಧರಾಮನ ಕಥೆ ತೆಗೆದರು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ದನಗಾಹಿ ಹುಡುಗ. ಜಂಗಮನಾಗಿ ಬಂದ ಮಲ್ಲಯ್ಯ ಹಸಿವೆಂದು ಮಜ್ಜಿಗೆ ಅನ್ನ ಕೇಳಿದ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಮಾಯವಾದ. ಅನ್ನದ ಗಡಿಗೆ ಹಿಡಿದು ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗುತ್ತ ಹುಡುಗ ಯಾತ್ರಿಕರ ಬೆನ್ನು ಹತ್ತಿ ಈ ಬೆಟ್ಟಕ್ಕೆ ಬಂದ. ಕಾಣದೆ ಕಮರಿಗೆ ಹಾರುವವನಿದ್ದಾಗ ದೇವರು ಕೈ ಹಿಡಿದ. ಅಜ್ಜ ಅಲ್ಲಿಗೆ ನಿಲ್ಲಿಸಿ ಕಣ್ಣೊರೆಸಿಕೊಂಡರು.

ನನಗೆ ಇಷ್ಟವಾಗುವುದು ಅದರ ಮುಂದಿನ ಭಾಗ. ಕೈ ಹಿಡಿಸಿಕೊಂಡ ಹುಡುಗ ಇಲ್ಲೇ ಉಳಿಯಲಿಲ್ಲ. ಊರಿಗೆ ಮರಳಿ, ಬೆಳೆದು, ಜನರನ್ನು ಕೂಡಿಸಿ ಕೆರೆ ತೋಡಿಸಲು ನಿಂತ. ಬುಟ್ಟಿ ಬುಟ್ಟಿ ಮಣ್ಣು. ಕೆರೆ ಕಟ್ಟುವುದೇ ದೊಡ್ಡದೇ ಎಂದು ಅಲ್ಲಮ ಬಂದು ಕೆಣಕಿದ, ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದೊಯ್ದ. ವಾದದಲ್ಲಿ ಅಲ್ಲಮನೇ ಗೆದ್ದಿರಬಹುದು. ಆದರೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯ ಸುತ್ತ ಇಂದಿಗೂ ನೀರಿದೆ, ನಾನೇ ನೋಡಿದ್ದೇನೆ. ಈ ಮಾತನ್ನು ಅಜ್ಜನಿಗೆ ಹೇಳಿದೆ. "ಎರಡೂ ಬೇಕಪ್ಪಾ" ಎಂದು ಎದ್ದು ಕಂಬಿಗೆ 'ಉಘೇ' ಹಾಕಿದರು.

ಏರು. ಅತ್ತೆ ಹತ್ತು ಮೆಟ್ಟಿಲು ಹತ್ತುವುದು, ನಿಂತು ಐದು ಉಸಿರು ಎಣಿಸುವುದು. ಮತ್ತೆ ಹತ್ತು ಮೆಟ್ಟಿಲು. ಮೊದಲು ನನಗೆ ರೇಗಿತು, ದಡದಡ ಹತ್ತಿ ಮುಂದೆ ಹೋಗಿ ಒಂದು ಬಂಡೆಗೆ ಒರಗಿ ಏದುಸಿರು ಬಿಡುತ್ತ ನಿಂತೆ. ನನಗಿನ್ನೂ ಉಸಿರು ಸಿಕ್ಕಿರಲಿಲ್ಲ, ಅತ್ತೆ ಪಕ್ಕದಲ್ಲೇ ಹಾದುಹೋದಳು. ಆಮೇಲೆ ನಾನೂ ಹತ್ತು ಎಣಿಸಿದೆ. ಮುಂದೆ ಕೆಂಪು ರವಿಕೆಯ ಒಬ್ಬ ತಾಯಿ, ಬೆನ್ನಿಗೆ ಕೂಸು ಕಟ್ಟಿಕೊಂಡು. ಹಿಂದೆ ಯಾರೋ ಭಜನೆ. ಯಾರೂ ಮೇಲೆ ನೋಡುತ್ತಿರಲಿಲ್ಲ.

ಕೈಲಾಸ ದ್ವಾರದ ಕಲ್ಲುಕಮಾನಿನ ಕೆಳಗೆ ಬಂದು ನಿಂತಾಗ ಮಧ್ಯಾಹ್ನ ಒಂದೂವರೆ. ಅತ್ತೆ ಹೊಸ್ತಿಲಿಗೆ ಹಣೆ ಹಚ್ಚಿದಳು. ನಾನು ನೀರು ಕುಡಿದೆ. ಅಲ್ಲಿಂದ ಶ್ರೀಶೈಲಕ್ಕೆ ಐದಾರು ಕಿಲೋಮೀಟರ್, ಹಾಟಕೇಶ್ವರದ ಮೇಲೆ ಡಾಂಬರು ರಸ್ತೆ. ಅದನ್ನು ನಡೆದದ್ದು ನೆನಪೇ ಇಲ್ಲ.

ರಾತ್ರಿ ವೀರಾಚಾರದವರ ಅಗ್ನಿಗುಂಡ. ದೂರದಿಂದ ಕೆಂಡದ ಬೆಳಕು ಕಂಡಿತು. ಜನರ ತಲೆಗಳ ನಡುವೆ ಅದಕ್ಕಿಂತ ಹೆಚ್ಚು ನೋಡಲಾಗಲಿಲ್ಲ.

ಮಾರ್ಚ್ 30, ಯುಗಾದಿ

ಸಾಲಿನಲ್ಲಿ ಏಳು ತಾಸು. ಸುತ್ತಲೂ ಕನ್ನಡವೇ, ಯಾವುದೋ ನಮ್ಮ ಕಡೆಯ ಜಾತ್ರೆಯಲ್ಲಿ ನಿಂತಂತಿತ್ತು. ಪ್ರಾಕಾರದ ಗೋಡೆಯ ತುಂಬ ಆನೆ, ಬೇಟೆ, ಕುದುರೆ, ಋಷಿಗಳ ಶಿಲ್ಪ. ನಿಂತು ನೋಡಿದಷ್ಟೂ ಇದೆ, ಸಾಲು ನಿಲ್ಲಗೊಡುವುದಿಲ್ಲ. ಹನ್ನೊಂದು ದಿನ ನಡೆದು ಬಂದವರಿಗೆ ಮಲ್ಲಯ್ಯನ ಮುಂದೆ ಸಿಕ್ಕಿದ್ದು ನಾಲ್ಕು ಸೆಕೆಂಡು. ನಾನು ಏನೂ ಬೇಡಿಕೊಳ್ಳಲಿಲ್ಲ. ನೆನಪಾಗಲಿಲ್ಲ ಎನ್ನುವುದೇ ನಿಜ.

ಅಮ್ಮನವರ ಗುಡಿಯಲ್ಲಿ ಅತ್ತೆ ರಾಯಚೂರಿನಿಂದ ಗಂಟಿನಲ್ಲಿ ಹೊತ್ತು ತಂದಿದ್ದ ಹಸಿರು ಕುಪ್ಪಸದ ಖಣ, ಬಳೆ, ಕುಂಕುಮ ಕೊಟ್ಟಳು. ಗಂಟಲು ಕಟ್ಟಿತ್ತು. "ಆರಾಮ ಇರು ತಂಗೀ. ಮುಂದಿನ ವರ್ಷ ಕಾಲು ಬಂದರೆ ಬರುತ್ತೇನೆ" ಎಂದಳು. ಮಗಳನ್ನು ಗಂಡನ ಮನೆಯಲ್ಲಿ ಬಿಟ್ಟು ಹೊರಡುವಾಗ ತಾಯಂದಿರು ತಿರುಗಿ ನೋಡುವಂತೆ ಬಾಗಿಲ ತನಕ ಎರಡು ಸಲ ತಿರುಗಿ ನೋಡಿದಳು.

ಸಂಜೆ ತೇರು. ರಾತ್ರಿ ಛತ್ರದ ಮೆಟ್ಟಿಲ ಮೇಲೆ ಕುಳಿತು ಹಿಮ್ಮಡಿಯ ನೂಲನ್ನು ಎಳೆದು ತೆಗೆದೆ. ಒಣಗಿತ್ತು, ಸಲೀಸಾಗಿ ಬಂತು.

ಮಾರ್ಚ್ 31. ಬಸ್ಸು

ಊರಿಗೆ ಮರಳಿದ ಮೇಲೆ ಐದೇಶಿ ಎಂಬ ಆಚರಣೆ ಮಾಡಬೇಕು, ಕಂಬಿಗೆ ಪೂಜೆಯಾಗಬೇಕು, ತಂಡದವರಿಗೆ ಊಟ ಹಾಕಬೇಕು ಎಂದು ಅತ್ತೆ ದಾರಿಯುದ್ದಕ್ಕೂ ಪಟ್ಟಿ ಹೇಳುತ್ತಲೇ ಇದ್ದಳು. ಬಸ್ಸು ದೋರ್ನಾಲ ಇಳಿದು, ಆತ್ಮಕೂರು ದಾಟಿ, ನಂದಿಕೊಟ್ಕೂರು ದಾಟಿತು. ನಾವು ಎರಡು ದಿನ ಸವೆಸಿದ ದಾರಿ ಒಂದು ತಾಸಿಗೆ ಮುಗಿಯಿತು. ನಾನು ಕಿಟಕಿಗೆ ಮುಖವಿಟ್ಟು ಕಾಯುತ್ತಿದ್ದೆ.

ಸುಣ್ಣ ಬಳಿದ ಕಟ್ಟೆ ದೂರದಿಂದಲೇ ಕಂಡಿತು. ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಕೈ ಮಾಡಿದಳು. ಚಾಲಕ ವೇಗ ಇಳಿಸಿದ. ಬಸ್ಸು ಬೇವಿನ ಮರದ ಕೆಳಗೇ ನಿಂತಿತು, ಬಾಗಿಲು ತೆರೆಯಿತು. ಹೆಂಗಸು ಬುಟ್ಟಿ ಏರಿಸಿ, ತಾನೂ ಹತ್ತಿ, ದಿನವೂ ಹತ್ತುವವಳ ಹಾಗೆ ಚಿಲ್ಲರೆ ಎಣಿಸಿ ನಿರ್ವಾಹಕನ ಕೈಗಿಟ್ಟಳು.

ನಾನು ಅತ್ತೆಯ ಕಡೆ ತಿರುಗಿದೆ. ಅವಳು ಆಚೆ ಬದಿಯ ಕಿಟಕಿಯಿಂದ ಹತ್ತಿಯ ಹೊಲವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಹತ್ತಿ ಬಿಡಿಸಿ ಎಷ್ಟೋ ದಿನವಾಗಿತ್ತು, ಹೊಲದಲ್ಲಿ ಬರೀ ಕಟ್ಟಿಗೆ ಇತ್ತು.